ಪೀಟರ್ ಪಾಲ್ ಮೌಸರ್

ಪೀಟರ್ ಪಾಲ್ ಮೌಸರ್ (27 ಜೂನ್ 1838 – 29 ಮೇ 1914) ಜರ್ಮನಿಯ ಬಂದೂಕು ವಿನ್ಯಾಸಕಾರರು ಹಾಗೂ ಕೈಗಾರಿಕೋದ್ಯಮಿ. ಕೈಯಿಂದ ಬೋಲ್ಟನ್ನು ತಿರುಗಿಸಿ ಎಳೆದು ನಡೆಸುವ ಸೈನಿಕ ರೈಫಲ್ಲಿಗೆ ಇಂದಿಗೂ ಮಾದರಿಯೆನಿಸುವ ರೂಪವನ್ನು ಕೊಟ್ಟವರು ಇವರು. 1871ರಿಂದ 1898ರವರೆಗೆ ಇವರ ಕಾರ್ಖಾನೆಯಲ್ಲಿ ರೂಪುಗೊಂಡ ಬಂದೂಕುಗಳನ್ನು ಜರ್ಮನಿ, ತುರ್ಕಿ, ಬೆಲ್ಜಿಯಂ, ಸ್ಪೇನ್, ಸ್ವೀಡನ್ ಮೊದಲಾದ ಅನೇಕ ದೇಶಗಳ ಸೈನ್ಯಗಳು ಸ್ವೀಕರಿಸಿದವು. ಇವರ ವಿನ್ಯಾಸವನ್ನು ಒಪ್ಪದೆ ತನ್ನದೇ ದಾರಿ ಹಿಡಿದ ದೇಶಗಳಲ್ಲಿ ಸ್ವಿಟ್ಜರ್ಲೆಂಡ್ ಮುಖ್ಯವಾದುದು. ಆದ್ದರಿಂದ ಮೌಸರ್ ಅವರ ಸಾಧನೆಯನ್ನು ಅಳೆಯಲು ಸ್ವೀಡನ್ನಿನ ಮೌಸರ್ ಬಂದೂಕನ್ನೂ ಸ್ವಿಟ್ಜರ್ಲೆಂಡಿನ ಷ್ಮಿಟ್–ರುಬಿನ್ ಬಂದೂಕನ್ನೂ ಹೋಲಿಸಿ ನೋಡಬಹುದು.

ಜನನ ಮತ್ತು ಬಾಲ್ಯ

ಪಾಲ್ ಮೌಸರ್ ಅವರು ಆಗಿನ ವುರ್ಟೆಂಬರ್ಗ್ ರಾಜ್ಯದ ಓಬರ್ನ್‌ಡಾರ್ಫ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಈ ಪಟ್ಟಣವು ನೆಕರ್ ನದಿಯ ಕಣಿವೆಯಲ್ಲಿದೆ. ತಂದೆ ಫ್ರಾನ್ಸ್ ಆಂಡ್ರಿಯಾಸ್ ಮೌಸರ್ ಅಲ್ಲಿನ ರಾಜರ ಬಂದೂಕು ಕಾರ್ಖಾನೆಯಲ್ಲಿ ಕುಶಲಕರ್ಮಿಯಾಗಿದ್ದರು. 1811ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ನಡೆಯುತ್ತಿದ್ದುದು ಹಳೆಯ ಆಗಸ್ಟೀನಿಯನ್ ಸನ್ಯಾಸಿಗಳ ಮಠವೊಂದರ ಕಟ್ಟಡದಲ್ಲಿ. ಹದಿಮೂರು ಮಕ್ಕಳ ದೊಡ್ಡ ಸಂಸಾರದಲ್ಲಿ ಪಾಲ್ ಕಡೆಯವರು. ಬಾಲ್ಯದಲ್ಲೇ ಅಣ್ಣಂದಿರೊಂದಿಗೆ ಅದೇ ಕಾರ್ಖಾನೆಯ ಕೆಲಸಕ್ಕೆ ಸೇರಿದರು. ವಿಶ್ವವಿದ್ಯಾಲಯದ ಶಿಕ್ಷಣ ಅವರಿಗೆ ದೊರೆಯಲಿಲ್ಲ. ಅರ, ಸುತ್ತಿಗೆ ಮತ್ತು ಲೇತ್ ಯಂತ್ರಗಳ ನಡುವೆಯೇ ಅವರ ಕಲಿಕೆ ನಡೆಯಿತು.

1859ರಲ್ಲಿ ಕಡ್ಡಾಯ ಸೈನಿಕ ಸೇವೆಗೆ ಕರೆ ಬಂದಾಗ ಪಾಲ್ ಅವರು ಲುಡ್ವಿಗ್ಸ್‌ಬರ್ಗ್ ಶಸ್ತ್ರಾಗಾರದಲ್ಲಿ ಫಿರಂಗಿದಳದ ಸೈನಿಕರಾಗಿ ಸೇರಿ, ಅಲ್ಲಿಯೂ ಬಂದೂಕು ದುರಸ್ತಿಯ ಕೆಲಸವನ್ನೇ ಮಾಡಿದರು. ಅದೇ ವರ್ಷದ ಕೊನೆಯಲ್ಲಿ ಮೀಸಲು ಪಡೆಗೆ ವರ್ಗವಾಗಿ ಓಬರ್ನ್‌ಡಾರ್ಫ್ ಕಾರ್ಖಾನೆಗೆ ಮರಳಿದರು.

ಮೊದಲ ಪ್ರಯೋಗಗಳು

ಆ ಕಾಲದ ಬಹುಪಾಲು ಬಂದೂಕುಗಳಿಗೆ ನಳಿಗೆಯ ಬಾಯಿಯಿಂದ ಮದ್ದು ಮತ್ತು ಗುಂಡು ತುಂಬಬೇಕಿತ್ತು. ಪ್ರಷ್ಯಾ ದೇಶವು ಮಾತ್ರ ಡ್ರೈಸೆ ಎಂಬವರು ರೂಪಿಸಿದ ಸೂಜಿ ಬಂದೂಕನ್ನು ಬಳಸುತ್ತಿತ್ತು. ಇದರಲ್ಲಿ ಹಿಂಬದಿಯಿಂದ ಗುಂಡು ತುಂಬಲು ಸಾಧ್ಯವಿತ್ತು. ಕಾಗದದ ತೋಟಾವನ್ನು ಉದ್ದನೆಯ ಸೂಜಿಯೊಂದು ಚುಚ್ಚಿ ಒಳಗಿನ ಮದ್ದಿಗೆ ಕಿಡಿ ಮುಟ್ಟಿಸುತ್ತಿತ್ತು. ಆದರೆ ಸೂಜಿ ಬೇಗ ಮುರಿಯುತ್ತಿತ್ತು. ಹಿಂಬದಿಯ ಸಂದಿನಿಂದ ಬಿಸಿ ಅನಿಲ ಸೋರುತ್ತಿತ್ತು. ಪ್ರತಿ ಸಲವೂ ಸೂಜಿಯನ್ನು ಕೈಯಿಂದ ಹಿಂದಕ್ಕೆಳೆದು ಸಜ್ಜುಗೊಳಿಸಬೇಕಿತ್ತು.

ಪಾಲ್ ಮತ್ತು ಅವರ ಅಣ್ಣ ವಿಲ್ಹೆಲ್ಮ್ (1834–1882) ಈ ಕುಂದುಗಳನ್ನು ನೀಗಿಸಲು ಪ್ರಯೋಗ ಆರಂಭಿಸಿದರು. ಬೋಲ್ಟನ್ನು ತಿರುಗಿಸುವ ಕ್ರಿಯೆಯಿಂದಲೇ ಬಂದೂಕು ಸಜ್ಜಾಗುವಂತೆ ಪಾಲ್ ಅವರು ಹೊಸ ರಚನೆಯನ್ನು ಕಂಡುಹಿಡಿದರು. ನಂತರ ಕಾಗದದ ತೋಟಾದ ಬದಲು ಲೋಹದ ತೋಟಾವನ್ನು ಬಳಸಿ, ಅನಿಲ ಸೋರುವುದನ್ನು ತಡೆದರು. ವಿಲ್ಹೆಲ್ಮ್ ಅವರು ಅಧಿಕಾರಿಗಳನ್ನು ಕಾಣುವುದು, ಪತ್ರ ವ್ಯವಹಾರ, ಹಣಕಾಸು ಇವುಗಳನ್ನು ನೋಡಿಕೊಂಡರು.

ಅಮೆರಿಕದ ರೆಮಿಂಗ್ಟನ್ ಕಂಪನಿಯ ಪ್ರತಿನಿಧಿ ಸ್ಯಾಮುಯೆಲ್ ನಾರಿಸ್ ಈ ವಿನ್ಯಾಸವನ್ನು ಮೆಚ್ಚಿ 1867ರಲ್ಲಿ ಸಹೋದರರೊಂದಿಗೆ ಒಪ್ಪಂದ ಮಾಡಿಕೊಂಡರು. ಸಹೋದರರು ಬೆಲ್ಜಿಯಂನ ಲೀಎಜ್ ನಗರಕ್ಕೆ ಹೋಗಿ ನೆಲೆಸಿದರು. 1868ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಆದರೆ ಫ್ರಾನ್ಸ್ ಈ ಬಂದೂಕನ್ನು ಕೊಳ್ಳುವುದೆಂಬ ನಾರಿಸ್ ಅವರ ನಿರೀಕ್ಷೆ ಹುಸಿಯಾಗಿ ಪಾಲುದಾರಿಕೆ ಮುರಿದುಬಿತ್ತು. ಪಾಲ್ ಅವರು 1869ರ ಕೊನೆಯಲ್ಲಿ ಬರಿಗೈಯಲ್ಲಿ ಊರಿಗೆ ಹಿಂದಿರುಗಿದರು; ಮರುವರ್ಷ ವಿಲ್ಹೆಲ್ಮ್ ಅವರೂ ಬಂದರು.

1871ರ ಬಂದೂಕು

ಈ ನಡುವೆ ಪ್ರಷ್ಯಾದ ಶ್ಪಾಂಡೌ ಶೂಟಿಂಗ್ ಶಾಲೆಯಲ್ಲಿ ಮೌಸರ್ ಬಂದೂಕಿನ ಪರೀಕ್ಷೆ ನಡೆದಿತ್ತು. ಸುರಕ್ಷತೆಗಾಗಿ ಕೆಲವು ತಿದ್ದುಪಡಿಗಳನ್ನು ಮಾಡಿದ ಮೇಲೆ 1872ರಲ್ಲಿ ಪ್ರಷ್ಯಾ ಅದನ್ನು ತನ್ನ ಪದಾತಿ ದಳದ ಬಂದೂಕಾಗಿ ಅಂಗೀಕರಿಸಿತು. 11 ಮಿಲಿಮೀಟರ್ ವ್ಯಾಸದ ಗುಂಡು ಹಾರಿಸುವ, ಒಮ್ಮೆಗೆ ಒಂದೇ ತೋಟಾ ತುಂಬಬಹುದಾದ ಬಂದೂಕು ಇದು.

ವಿನ್ಯಾಸ ಮೌಸರ್ ಸಹೋದರರದಾದರೂ ತಯಾರಿಕೆಯ ಕೆಲಸ ಅವರ ಕೈಗೆ ಬರಲಿಲ್ಲ. ಸರ್ಕಾರಿ ಕಾರ್ಖಾನೆಗಳೂ ಇತರ ದೊಡ್ಡ ಕಂಪನಿಗಳೂ ಅದನ್ನು ಪಡೆದವು. ಸಹೋದರರಿಗೆ ಮೊದಲು ಸಿಕ್ಕಿದ್ದು ಗುರಿಪಟ್ಟಿಗಳನ್ನು, ಅಂದರೆ ಗುರಿ ಹಿಡಿಯಲು ನಳಿಗೆಯ ಮೇಲೆ ಕೂರಿಸುವ ಸಣ್ಣ ಭಾಗಗಳನ್ನು, ಮಾಡಿಕೊಡುವ ಕೆಲಸ ಮಾತ್ರ. ಅದರಿಂದ ಬಂದ ಗಳಿಕೆಯನ್ನೂ ಸ್ಟುಟ್‌ಗಾರ್ಟಿನ ಬ್ಯಾಂಕೊಂದರ ನೆರವನ್ನೂ ಬಳಸಿಕೊಂಡು 1874ರಲ್ಲಿ ಅವರು ರಾಜರ ಬಂದೂಕು ಕಾರ್ಖಾನೆಯನ್ನೇ ಕೊಂಡುಕೊಂಡರು. ಅದರೊಂದಿಗೆ ವುರ್ಟೆಂಬರ್ಗ್ ಸರ್ಕಾರದಿಂದ 1,00,000 ಬಂದೂಕುಗಳ ಬೇಡಿಕೆಯೂ ಬಂತು. ತಂದೆ ಕೂಲಿಯಾಗಿ ದುಡಿದಿದ್ದ ಕಾರ್ಖಾನೆಗೆ ಮಕ್ಕಳು ಒಡೆಯರಾದರು.

1882ರ ಜನವರಿಯಲ್ಲಿ ವಿಲ್ಹೆಲ್ಮ್ ತೀರಿಕೊಂಡರು. ವ್ಯವಹಾರದ ಹೊರೆ ಹೊತ್ತಿದ್ದ ಅಣ್ಣನ ಸಾವಿನಿಂದ ಪಾಲ್ ಒಂಟಿಯಾದರು. 1884ರಲ್ಲಿ ಸಂಸ್ಥೆಯು ಷೇರು ಕಂಪನಿಯಾಯಿತು. 1887ರಲ್ಲಿ ತುರ್ಕಿಯಿಂದ 5 ಲಕ್ಷ ಬಂದೂಕುಗಳ ಭಾರಿ ಬೇಡಿಕೆ ಬಂದ ವರ್ಷವೇ ಬಹುಪಾಲು ಷೇರುಗಳು ಬರ್ಲಿನ್ನಿನ ಲುಡ್ವಿಗ್ ಲೋವೆ ಕಂಪನಿಯ ವಶವಾದವು. ಪಾಲ್ ಅವರು ಒಡೆತನವನ್ನು ಕಳೆದುಕೊಂಡರೂ ತಾಂತ್ರಿಕ ಮುಖ್ಯಸ್ಥರಾಗಿ ಮುಂದುವರಿದರು.

ಸ್ವದೇಶದ ಉಪೇಕ್ಷೆ ಮತ್ತು ಪರದೇಶದ ಮನ್ನಣೆ

1886ರಲ್ಲಿ ಫ್ರಾನ್ಸ್ ಹೊಗೆಯಿಲ್ಲದ ಮದ್ದಿನ ಲೆಬೆಲ್ ರೈಫಲ್ಲನ್ನು ತಂದಿತು. ಹೊಸ ಮದ್ದಿನಿಂದ ಸಣ್ಣ ವ್ಯಾಸದ ಗುಂಡು ಹೆಚ್ಚು ವೇಗದಲ್ಲಿ ಹೆಚ್ಚು ದೂರ ಹೋಗುತ್ತಿತ್ತು. ಗುಂಡು ಹಾರಿಸಿದವನ ನೆಲೆಯನ್ನು ಹೊಗೆ ತೋರಿಸಿಕೊಡುತ್ತಿರಲಿಲ್ಲ. ಉಳಿದೆಲ್ಲ ಸೈನ್ಯಗಳ ಬಂದೂಕುಗಳು ಒಮ್ಮೆಲೇ ಹಳೆಯವಾದವು. ಜರ್ಮನಿಯು ಗಾಬರಿಯಿಂದ ಒಂದು ಸಮಿತಿಯನ್ನು ನೇಮಿಸಿ 1888ರಲ್ಲಿ ಹೊಸ ಬಂದೂಕನ್ನು ಅಂಗೀಕರಿಸಿತು. ಆ ಸಮಿತಿಯು ಮೌಸರ್ ಅವರನ್ನು ಸೇರಿಸಿಕೊಳ್ಳಲಿಲ್ಲ.

ಮೌಸರ್ ಅವರ ಅತ್ಯುತ್ತಮ ಕೆಲಸ ನಡೆದದ್ದು ಇದಾದ ಮುಂದಿನ ಹತ್ತು ವರ್ಷಗಳಲ್ಲಿ, ಮತ್ತು ಬಹುಮಟ್ಟಿಗೆ ಹೊರದೇಶಗಳಿಗಾಗಿ. 1889ರ ಬೆಲ್ಜಿಯಂ ಮಾದರಿಯಲ್ಲಿ ಐದು ತೋಟಾಗಳನ್ನು ಲೋಹದ ಪಟ್ಟಿಯೊಂದಕ್ಕೆ ಸಿಕ್ಕಿಸಿ, ಹೆಬ್ಬೆರಳಿನಿಂದ ಒಂದೇ ಸಲ ಒತ್ತಿ ಮ್ಯಾಗಜೀನಿಗೆ ತುಂಬುವ ಕ್ರಮ ಬಂತು. ಆ ಬಂದೂಕುಗಳನ್ನು ತಯಾರಿಸಲೆಂದೇ ಬೆಲ್ಜಿಯಂನಲ್ಲಿ ಎಫ್‌ಎನ್ ಎಂಬ ಪ್ರಸಿದ್ಧ ಕಾರ್ಖಾನೆ ಹುಟ್ಟಿತು. 1892ರಲ್ಲಿ ತೋಟಾದ ಅಂಚನ್ನು ಮೊದಲಿನಿಂದ ಕೊನೆಯವರೆಗೂ ಬಿಗಿಯಾಗಿ ಹಿಡಿದಿರುವ ಉದ್ದನೆಯ ಉಕ್ಕಿನ ಕೊಕ್ಕೆ ಸೇರಿತು. ಇದರಿಂದ ಬಂದೂಕು ಯಾವ ಭಂಗಿಯಲ್ಲಿದ್ದರೂ ತೋಟಾ ಜಾರಿ ಬೀಳುವ, ಅಡ್ಡವಾಗಿ ಸಿಕ್ಕಿಕೊಳ್ಳುವ ತೊಂದರೆ ಬಹಳ ಕಡಿಮೆಯಾಯಿತು. 1893ರ ಸ್ಪೇನ್ ಮಾದರಿಯಲ್ಲಿ ತೋಟಾಗಳು ಎರಡು ಸಾಲಾಗಿ ಬಂದೂಕಿನ ಮರದೊಳಗೇ ಅಡಗಿದವು.

1898ರಲ್ಲಿ ಸ್ಪೇನ್ ಮತ್ತು ಅಮೆರಿಕದ ನಡುವೆ ಕ್ಯೂಬಾದಲ್ಲಿ ಯುದ್ಧ ನಡೆದಾಗ ಸ್ಪೇನ್ ಸೈನಿಕರ 7 ಮಿಲಿಮೀಟರ್ ಮೌಸರ್‌ಗಳು ಅಮೆರಿಕದ ಸೈನ್ಯಕ್ಕೆ ಪಾಠ ಕಲಿಸಿದವು. ಅಮೆರಿಕವು 1903ರಲ್ಲಿ ರೂಪಿಸಿದ ಸ್ಪ್ರಿಂಗ್‌ಫೀಲ್ಡ್ ರೈಫಲ್ ಮೌಸರ್ ಪೇಟೆಂಟುಗಳನ್ನು ಅವಲಂಬಿಸಿತ್ತು; ಅದಕ್ಕಾಗಿ ಅಮೆರಿಕ ಸರ್ಕಾರ ಮೌಸರ್ ಕಂಪನಿಗೆ ರಾಯಧನ ತೆರಬೇಕಾಯಿತು.

ಸ್ವೀಡನ್ನಿನ ಮೌಸರ್

ಸ್ವೀಡನ್ ಮತ್ತು ನಾರ್ವೆ ಆಗ ಒಬ್ಬನೇ ರಾಜನ ಅಧೀನದಲ್ಲಿದ್ದವು. ಎರಡೂ ದೇಶಗಳ ತಜ್ಞರು ಕೂಡಿ 6.5×55 ಮಿಲಿಮೀಟರ್ ಅಳತೆಯ ತೋಟಾವನ್ನು ನಿರ್ಧರಿಸಿದರು. ಬಂದೂಕಿನ ವಿಷಯದಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ. ನಾರ್ವೆ ತನ್ನದೇ ಕ್ರಾಗ್–ಯೋರ್ಗೆನ್ಸನ್ ಬಂದೂಕನ್ನು ಆರಿಸಿತು. ಸ್ವೀಡನ್ ಮೌಸರ್ ಕಡೆಗೆ ಒಲಿಯಿತು. 1894ರಲ್ಲಿ ಗಿಡ್ಡ ಕಾರ್ಬೈನ್, 1896ರಲ್ಲಿ ಉದ್ದನೆಯ ರೈಫಲ್ ಅಂಗೀಕಾರವಾದವು. ಎರಡನೆಯದಕ್ಕೆ ಎಂ/96 ಎಂಬ ಹೆಸರಾಯಿತು.

ಮೊದಲ ಬಂದೂಕುಗಳು ಓಬರ್ನ್‌ಡಾರ್ಫ್‌ನಿಂದ ಬಂದವು. ಅವುಗಳಿಗೆ ತನ್ನದೇ ಉಕ್ಕನ್ನು ಬಳಸಬೇಕೆಂದು ಸ್ವೀಡನ್ ಕೇಳಿಕೊಂಡಿತ್ತು. ನಂತರದ ತಯಾರಿಕೆ ಎಸ್ಕಿಲ್‌ಸ್ಟೂನಾ ನಗರದ ಕಾರ್ಲ್ ಗುಸ್ತಾಫ್ ಕಾರ್ಖಾನೆಯಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಸ್ಕ್‌ವರ್ನಾ ಕಾರ್ಖಾನೆಯೂ ಕೈಗೂಡಿಸಿತು. 1938ರಲ್ಲಿ ನಳಿಗೆಯನ್ನು ಗಿಡ್ಡಗೊಳಿಸಿದ ಎಂ/38 ಬಂತು. 1941ರಲ್ಲಿ ದೂರದರ್ಶಕ ಅಳವಡಿಸಿದ ಗುರಿಕಾರರ ಮಾದರಿ ಬಂತು.

ಸ್ವಿಟ್ಜರ್ಲೆಂಡ್ ಹಿಡಿದ ಬೇರೆ ದಾರಿ

ಇದೇ ಅವಧಿಯಲ್ಲಿ ಸ್ವಿಟ್ಜರ್ಲೆಂಡ್ ಇಬ್ಬರು ಸ್ವದೇಶಿ ಅಧಿಕಾರಿಗಳನ್ನು ನೆಚ್ಚಿಕೊಂಡಿತು. ಥೂನ್ ನಗರದ ಎಡ್ವರ್ಡ್ ರುಬಿನ್ (1846–1920) ಸೀಸದ ಗುಂಡಿಗೆ ಲೋಹದ ಹೊದಿಕೆ ಹಾಕುವ ಕ್ರಮವನ್ನು ರೂಪಿಸಿ ಸಣ್ಣ ವ್ಯಾಸದ ತೋಟಾಗಳಿಗೆ ದಾರಿ ಮಾಡಿಕೊಟ್ಟವರು. ಬರ್ನ್ ನಗರದ ಸರ್ಕಾರಿ ಬಂದೂಕು ಕಾರ್ಖಾನೆಯ ನಿರ್ದೇಶಕ ಕರ್ನಲ್ ರುಡಾಲ್ಫ್ ಷ್ಮಿಟ್ (1832–1898) ಬೋಲ್ಟಿನ ರಚನೆಯನ್ನು ಮಾಡಿದರು. ಇವರಿಬ್ಬರ ಹೆಸರಿನ ಷ್ಮಿಟ್–ರುಬಿನ್ ರೈಫಲ್ 1889ರಲ್ಲಿ ಸೈನ್ಯ ಸೇರಿತು. ಅದರ ಮ್ಯಾಗಜೀನಿನಲ್ಲಿ ಹನ್ನೆರಡು ತೋಟಾಗಳು ಹಿಡಿಯುತ್ತಿದ್ದವು. 1911ರಲ್ಲಿ ಹೆಚ್ಚು ಶಕ್ತಿಯ 7.5×55 ಮಿಲಿಮೀಟರ್ ತೋಟಾ ಬಂದಾಗ ರಚನೆಯನ್ನು ಬಲಪಡಿಸಿ, ಮ್ಯಾಗಜೀನನ್ನು ಆರು ತೋಟಾಗಳಿಗೆ ಇಳಿಸಿದರು. 1931ರಲ್ಲಿ ಬಂದ ಕೆ31 ಈ ಸಾಲಿನ ಕೊನೆಯ ಮುಖ್ಯ ಮಾದರಿ. ಇದರಲ್ಲಿ ಬೋಲ್ಟಿನ ಉದ್ದವನ್ನು ತಗ್ಗಿಸಿದ್ದರಿಂದ ಬಂದೂಕಿನ ಒಟ್ಟು ಉದ್ದ ಹೆಚ್ಚದೆಯೇ ನಳಿಗೆಯನ್ನು ಉದ್ದಗೊಳಿಸಲು ಸಾಧ್ಯವಾಯಿತು. ಇದರ ತಯಾರಿಕೆ 1958ರವರೆಗೂ ನಡೆಯಿತು. ಒಟ್ಟು ಸಂಖ್ಯೆ 5 ಲಕ್ಷವನ್ನು ಮೀರಿತು.

ಎರಡು ಬಂದೂಕುಗಳ ಹೋಲಿಕೆ

ಮನೆಯ ಬಾಗಿಲಿನ ಚಿಲಕವನ್ನು ನೆನೆದರೆ ಮೌಸರ್ ಬೋಲ್ಟ್ ಸುಲಭವಾಗಿ ಅರ್ಥವಾಗುತ್ತದೆ. ಚಿಲಕದ ಹಿಡಿಯನ್ನು ಮೇಲಕ್ಕೆ ತಿರುಗಿಸಿ ಹಿಂದಕ್ಕೆಳೆದರೆ ಬಾಗಿಲು ತೆರೆಯುತ್ತದೆ. ಮುಂದಕ್ಕೆ ತಳ್ಳಿ ಕೆಳಕ್ಕೆ ತಿರುಗಿಸಿದರೆ ಭದ್ರವಾಗುತ್ತದೆ. ಮೌಸರ್ ಬಂದೂಕಿನಲ್ಲಿಯೂ ಕೈಗೆ ಇದೇ ನಾಲ್ಕು ಚಲನೆಗಳಿವೆ: ಎತ್ತು, ಎಳೆ, ತಳ್ಳು, ಇಳಿಸು. ಬೋಲ್ಟಿನ ಮುಂತುದಿಯಲ್ಲಿರುವ ಎರಡು ಗಟ್ಟಿ ಉಬ್ಬುಗಳು ನಳಿಗೆಯ ಹಿಂದಿನ ಗಾಡಿಗಳಲ್ಲಿ ಕೂತು ಸಿಡಿತದ ಒತ್ತಡವನ್ನು ತಡೆಯುತ್ತವೆ.

ಸ್ವಿಸ್ ಬಂದೂಕಿನಲ್ಲಿ ಚಲನೆಗಳು ಎರಡೇ: ಎಳೆ, ತಳ್ಳು. ಹಿಡಿಯನ್ನು ನೇರವಾಗಿ ಹಿಂದಕ್ಕೆ ಎಳೆದಾಗ ಅದಕ್ಕೆ ಜೋಡಿಸಿದ ದಂಡವೊಂದು ಓರೆಯಾದ ಗಾಡಿಯಲ್ಲಿ ಸರಿದು ಬೋಲ್ಟಿನ ಕವಚವನ್ನು ತಾನೇ ತಿರುಗಿಸುತ್ತದೆ. ಸೈನಿಕನ ಮಣಿಕಟ್ಟು ಮಾಡಬೇಕಾದ ತಿರುಗಿಸುವ ಕೆಲಸವನ್ನು ಇಲ್ಲಿ ಯಂತ್ರವೇ ಮಾಡುತ್ತದೆ. ಗುರಿಯಿಂದ ಕಣ್ಣು ಕದಲಿಸದೆ ಬೇಗ ಬೇಗ ಗುಂಡು ಹಾರಿಸಲು ಇದರಿಂದ ಅನುಕೂಲ.

ಮುಖ್ಯ ವ್ಯತ್ಯಾಸಗಳು ಹೀಗಿವೆ:

- ತೋಟಾ: ಎಂ/96ಗೆ 6.5×55 ಮಿಲಿಮೀಟರ್, ಕೆ31ಗೆ 7.5×55 ಮಿಲಿಮೀಟರ್. ಸ್ವಿಸ್ ಗುಂಡಿನ ತೂಕ 11.3 ಗ್ರಾಂ, ಸ್ವೀಡನ್ನಿನ 1941ರ ಚೂಪು ತುದಿಯ ಗುಂಡಿನದು 9.1 ಗ್ರಾಂ. ಸ್ವೀಡನ್ನಿನ ಬಂದೂಕು ಭುಜಕ್ಕೆ ಮೆತ್ತಗೆ ಒದೆಯುತ್ತದೆ.
- ನಳಿಗೆಯ ಉದ್ದ: ಎಂ/96ರಲ್ಲಿ 739 ಮಿಲಿಮೀಟರ್, ಕೆ31ರಲ್ಲಿ 652 ಮಿಲಿಮೀಟರ್.
- ಮ್ಯಾಗಜೀನ್: ಎಂ/96ರಲ್ಲಿ ಮರದೊಳಗೆ ಕೂಡಿಕೊಂಡ ಐದು ತೋಟಾಗಳದ್ದು; ಕೆ31ರಲ್ಲಿ ಕಳಚಬಹುದಾದ ಆರು ತೋಟಾಗಳದ್ದು.
- ಸುರಕ್ಷತೆಯ ಕೀಲಿ: ಎಂ/96ರಲ್ಲಿ ಬೋಲ್ಟಿನ ಹಿಂದೆ ತಿರುಗಿಸುವ ಸಣ್ಣ ರೆಕ್ಕೆ, ಕೆ31ರಲ್ಲಿ ಎಳೆದು ತಿರುಗಿಸುವ ಉಂಗುರ.
- ಗುರಿಪಟ್ಟಿ: ಎಂ/96ರ ಮೂಲ ಗುರಿಪಟ್ಟಿ 300 ಮೀಟರಿನಿಂದ ಆರಂಭವಾಗುತ್ತದೆ; ಕೆ31ರದು 100 ಮೀಟರಿನಿಂದ.

ಗುರಿಯ ನಿಖರತೆಯಲ್ಲಿ ಎರಡೂ ಉತ್ತಮವೆಂಬ ಹೆಸರು ಪಡೆದಿವೆ. ರಚನೆಯ ಸರಳತೆಯಲ್ಲಿ ಮೌಸರ್ ಮುಂದು. ಅದರ ಬೋಲ್ಟಿಗೆ ಭಾಗಗಳು ಕಡಿಮೆ. ಸೈನಿಕನು ಸಲಕರಣೆಯಿಲ್ಲದೆ ಬಿಚ್ಚಿ ಒರಸಿ ಜೋಡಿಸಬಲ್ಲನು. ಹಿಡಿಯನ್ನು ಎತ್ತುವಾಗಲೇ ಸನ್ನೆಯ ಬಲ ದೊರೆಯುವುದರಿಂದ ಕೊಳೆ ಹಿಡಿದು ಅಂಟಿಕೊಂಡ ತೋಟಾದ ಚಿಪ್ಪನ್ನೂ ಅದು ಸಡಿಲಿಸುತ್ತದೆ. ಸ್ವಿಸ್ ಬೋಲ್ಟಿನ ನಯ ಮತ್ತು ವೇಗ ಹೆಚ್ಚು. ಅದಕ್ಕೆ ತಕ್ಕಂತೆ ಅಳತೆಯ ನಾಜೂಕೂ ತಯಾರಿಕೆಯ ಶ್ರಮವೂ ಹೆಚ್ಚು. ಮೌಸರ್ ವಿನ್ಯಾಸವು ಲೋಕವೆಲ್ಲ ಹರಡಿ, ಸ್ವಿಸ್ ವಿನ್ಯಾಸವು ಬಹುಮಟ್ಟಿಗೆ ತನ್ನ ಬೆಟ್ಟಗಳ ನಾಡಿನಲ್ಲೇ ಉಳಿದುದಕ್ಕೆ ಇದೂ ಒಂದು ಕಾರಣ.

ಎರಡು ದೇಶಗಳಿಗೂ ಸಮಾನವಾದ ಇನ್ನೊಂದು ಸಂಗತಿಯಿದೆ. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಎರಡೂ ಮಹಾಯುದ್ಧಗಳಲ್ಲಿ ತಟಸ್ಥವಾಗಿದ್ದವು. ಸ್ವೀಡನ್ನಿನ ಸ್ವಯಂಸೇವಕರು 1939–40ರ ಚಳಿಗಾಲದಲ್ಲಿ ಫಿನ್ಲೆಂಡಿನ ಪರವಾಗಿ ಈ ಬಂದೂಕುಗಳನ್ನು ಹಿಡಿದು ಹೋದದ್ದನ್ನು ಬಿಟ್ಟರೆ, ಬಹುಪಾಲು ಬಂದೂಕುಗಳು ಶಸ್ತ್ರಾಗಾರಗಳಲ್ಲಿ ಮತ್ತು ಶೂಟಿಂಗ್ ಮೈದಾನಗಳಲ್ಲಿ ಆಯುಷ್ಯ ಕಳೆದವು. ಸ್ವೀಡನ್ನಿನವರು ಬಂದೂಕಿನ ಮರಕ್ಕೆ ಹಿತ್ತಾಳೆಯ ಬಿಲ್ಲೆಯೊಂದನ್ನು ಕೂರಿಸಿ ಅದರಲ್ಲಿ ನಳಿಗೆಯ ಸವೆತವನ್ನು ಗುರುತು ಮಾಡುತ್ತಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ಪ್ರಜೆಯೇ ಸೈನಿಕ. ಬಂದೂಕು ಅವನ ಮನೆಯಲ್ಲೇ ಇರುತ್ತಿತ್ತು. ಅವನ ಹೆಸರು, ವಿಳಾಸ ಬರೆದ ಚೀಟಿಯನ್ನು ಬಂದೂಕಿನ ಹಿಂತುದಿಯ ಲೋಹದ ತಗಡಿನ ಅಡಿಯಲ್ಲಿ ಇಡುತ್ತಿದ್ದರು. ಸೈನ್ಯಗಳು ಈ ಬಂದೂಕುಗಳನ್ನು ಕೈಬಿಟ್ಟು ಹೆಚ್ಚುವರಿ ಸರಕಾಗಿ ಮಾರಿದಾಗ ಕೊಂಡವರ ಕೈಗೆ ಹೊಸತರಂತಿದ್ದ ಬಂದೂಕುಗಳು ಬಂದವು. ಕೆಲವರಿಗೆ ಆ ಚೀಟಿಗಳೂ ಸಿಕ್ಕವು. ಯುದ್ಧ ಮಾಡಿದ ದೇಶಗಳ ಮೌಸರ್‌ಗಳು ಕೆಸರಿನಲ್ಲಿ ಹೂತು, ತುಕ್ಕು ಹಿಡಿದು, ಬಿಡಿಭಾಗಗಳು ಅದಲುಬದಲಾಗಿ ಉಳಿದಿವೆ. ಓಬರ್ನ್‌ಡಾರ್ಫ್‌ನ ಕೈಚಳಕವನ್ನು ಮೂಲರೂಪದಲ್ಲಿ ಕಾಪಾಡಿದ್ದು ಯುದ್ಧಕ್ಕೆ ಇಳಿಯದ ದೇಶ.

1898ರ ಮಾದರಿ

ಹತ್ತು ವರ್ಷ ಕಡೆಗಣಿಸಿದ ಮೇಲೆ ಜರ್ಮನಿ ಮತ್ತೆ ಮೌಸರ್ ಅವರ ಕಡೆ ತಿರುಗಿತು. 1898ರ ಏಪ್ರಿಲಿನಲ್ಲಿ ಅಂಗೀಕಾರವಾದ ಗೆವೇರ್ 98 ಅವರ ಹಿಂದಿನ ಎಲ್ಲ ಪ್ರಯೋಗಗಳ ಸಾರ. ಬೋಲ್ಟಿನ ಹಿಂಬದಿಯಲ್ಲಿ ಮೂರನೆಯ ಸುರಕ್ಷತಾ ಉಬ್ಬು, ತೋಟಾ ಒಡೆದರೆ ಅನಿಲವನ್ನು ಸೈನಿಕನ ಮುಖದಿಂದ ದೂರ ಹಾಯಿಸುವ ರಂಧ್ರಗಳು, ಹಿಡಿ ಎತ್ತುವಾಗಲೇ ಸಜ್ಜಾಗುವ ವ್ಯವಸ್ಥೆ ಇವು ಅದರ ಹೊಸತನಗಳು. ಸ್ವೀಡನ್ನಿನ ಎಂ/96 ಇದಕ್ಕಿಂತ ಹಿಂದಿನ ತಲೆಮಾರಿನದು. ಅದರಲ್ಲಿ ಮೂರನೆಯ ಉಬ್ಬು ಇಲ್ಲ, ಬೋಲ್ಟನ್ನು ಮುಚ್ಚುವಾಗ ಬಂದೂಕು ಸಜ್ಜಾಗುತ್ತದೆ. ಇಂದಿನ ಅನೇಕ ಬೇಟೆ ಬಂದೂಕುಗಳಿಗೂ 98ರ ರಚನೆಯೇ ತಳಹದಿ.

ಕೊನೆಯ ವರ್ಷಗಳು

1898ರಿಂದ 1903ರವರೆಗೆ ಮೌಸರ್ ಅವರು ಜರ್ಮನಿಯ ಸಂಸತ್ತಾದ ರೈಷ್‌ಸ್ಟಾಗ್‌ನ ಸದಸ್ಯರಾಗಿದ್ದರು. ಆದರೂ ಅವರ ಮನಸ್ಸು ಕಾರ್ಖಾನೆಯಲ್ಲೇ ಇತ್ತು. ತಾನಾಗಿಯೇ ತೋಟಾ ತುಂಬಿಕೊಳ್ಳುವ ರೈಫಲ್ಲನ್ನು ರೂಪಿಸುವುದು ಅವರ ಕೊನೆಯ ಹಂಬಲವಾಗಿತ್ತು. ಅಂಥ ಒಂದು ಪ್ರಯೋಗದ ವೇಳೆ ಬಂದೂಕು ಒಡೆದು ಅವರು ಒಂದು ಕಣ್ಣನ್ನು ಕಳೆದುಕೊಂಡರು. ಅನಂತರವೂ ಕೆಲಸ ನಿಲ್ಲಿಸಲಿಲ್ಲ. ಆದರೆ ಆ ಹಂಬಲ ಪೂರ್ಣವಾಗಿ ಕೈಗೂಡಲಿಲ್ಲ.

1914ರ ಮೇ 29ರಂದು ಓಬರ್ನ್‌ಡಾರ್ಫ್‌ನಲ್ಲಿಯೇ ಅವರು ನಿಧನರಾದರು. ಸುಮಾರು ಎರಡು ತಿಂಗಳಿಗೆ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಗೆವೇರ್ 98 ಆ ಯುದ್ಧದುದ್ದಕ್ಕೂ ಜರ್ಮನ್ ಪದಾತಿ ಸೈನಿಕನ ಮುಖ್ಯ ಆಯುಧವಾಗಿತ್ತು. ತಮ್ಮ ಬಂದೂಕು ಅಷ್ಟು ದೊಡ್ಡ ಪ್ರಮಾಣದಲ್ಲಿ ಜೀವಹಾನಿ ಮಾಡುವುದನ್ನು ಕಾಣಲು ಅವರು ಬದುಕಿರಲಿಲ್ಲ.

ಭಾರತದೊಂದಿಗೆ ನಂಟು

1899–1902ರ ಬೋಯರ್ ಯುದ್ಧದಲ್ಲಿ ಬೋಯರರ ಪ್ರಮುಖ ಬಂದೂಕು ಮೌಸರ್ ಆಗಿತ್ತು. ಅದೇ ಯುದ್ಧದಲ್ಲಿ ಮೋಹನದಾಸ ಗಾಂಧಿಯವರು ಭಾರತೀಯರ ಆಂಬುಲೆನ್ಸ್ ದಳವನ್ನು ಕಟ್ಟಿ, ಸ್ಪಿಯಾನ್ ಕಾಪ್ ಕದನದಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಡೋಲಿಗಳಲ್ಲಿ ಹೊತ್ತು ಸಾಗಿಸಿದರು.

ಭಾರತದಲ್ಲಿ ಮೌಸರ್ ಎಂಬ ಹೆಸರು ಹೆಚ್ಚು ಪರಿಚಿತವಾದದ್ದು ಪಿಸ್ತೂಲಿನಿಂದ. 1896ರ ಈ ಪಿಸ್ತೂಲನ್ನು ರೂಪಿಸಿದವರು ಮೌಸರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಫೀಡರ್ಲೆ ಸಹೋದರರು. 1914ರ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ಬಂಗಾಳದ ಕ್ರಾಂತಿಕಾರಿಗಳು ರೊಡ್ಡಾ ಕಂಪನಿಗೆ ಬಂದಿದ್ದ ಸರಕಿನಿಂದ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಅಪಹರಿಸಿದರು. 1925ರ ಕಾಕೋರಿ ರೈಲು ಪ್ರಕರಣದಲ್ಲಿಯೂ ಮೌಸರ್ ಪಿಸ್ತೂಲುಗಳು ಬಳಕೆಯಾದವು. ಕುಮಾವೂಂ ಪ್ರದೇಶದ ನರಭಕ್ಷಕ ಹುಲಿಗಳ ಬೇಟೆಯಿಂದ ಪ್ರಸಿದ್ಧರಾದ ಜಿಮ್ ಕಾರ್ಬೆಟ್ ಅವರಿಗೆ ಚಂಪಾವತದ ಹುಲಿಯನ್ನು ಕೊಂದದ್ದಕ್ಕಾಗಿ ಕೊಡುಗೆಯಾಗಿ ಬಂದ ರಿಗ್ಬಿ ರೈಫಲ್ ಸಹ ಮೌಸರ್ ಬೋಲ್ಟನ್ನೇ ಹೊಂದಿತ್ತು.

ಮೌಲ್ಯಮಾಪನ

ಪಾಲ್ ಮೌಸರ್ ಅವರು ಒಂದೇ ದಿನದಲ್ಲಿ ಹೊಳೆದ ಕಲ್ಪನೆಯಿಂದ ಹೆಸರಾದವರಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಯಂತ್ರವನ್ನು ತಿದ್ದಿ ತೀಡಿದ ಕುಶಲಕರ್ಮಿ ಅವರು. ವೇಗ ಮತ್ತು ನಯದಲ್ಲಿ ಅವರದನ್ನು ಮೀರಿದ ಬಂದೂಕುಗಳಿವೆ. ಸ್ವಿಸ್ ರೈಫಲ್ ಅದಕ್ಕೆ ಸಾಕ್ಷಿ. ಸರಳತೆ, ಭದ್ರತೆ ಮತ್ತು ನಂಬಿಕೆ ಈ ಮೂರನ್ನೂ ಒಟ್ಟುಗೂಡಿಸಿದ್ದು ಅವರ ಹೆಚ್ಚುಗಾರಿಕೆ. ಅವರ ಕೌಶಲವನ್ನು ಮೆಚ್ಚುವವರು ಅದು ಯಾವ ಕೆಲಸಕ್ಕೆ ಬಳಕೆಯಾಯಿತೆಂಬುದನ್ನು ಮರೆಯುವಂತಿಲ್ಲ. ಸ್ವೀಡನ್ನಿನಲ್ಲಿ ಅವರ ಬಂದೂಕು ದೇಶವನ್ನು ಕಾಯುತ್ತಾ ಗುರಿಹಲಗೆಗೆ ಗುಂಡು ಹಾರಿಸಿತು. ಅವರ ಸ್ವಂತ ದೇಶದಲ್ಲಿ ಎರಡು ಮಹಾಯುದ್ಧಗಳ ಮುಖ್ಯ ಆಯುಧವಾಯಿತು.